ಬಾಂಬಿನಿಂದ ಬ್ಯಾಕ್ಟೀರಿಯಾದತ್ತ ನಡೆದ ಸಿಲಾರ್ಡ್

ಕೊಲಾಬಾದ ನೇವಿನಗರದ ತುದಿಯಲ್ಲಿ ಸಮುದ್ರಕ್ಕೆ ಮುಖಮಾಡಿ ನಿಂತಿರುವ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಎಂದೊಡನೆ ಹೋಮಿ ಭಾಭಾ ನೆನಪಾಗುತ್ತಾರೆ. ಭೌತವಿಜ್ಞಾನಿಗಳ ಆ ಮನೆಗೆ 1962ರಲ್ಲಿ ಜೀವವಿಜ್ಞಾನವೂ ಬಂತು. ಅದಕ್ಕೆ ದಾರಿ ಮಾಡಿಕೊಟ್ಟ ಶಿಫಾರಸು ಹಂಗೇರಿಯ ಲಿಯೊ ಸಿಲಾರ್ಡ್ ಅವರದು. ಅಣುಬಾಂಬಿನ ಕಥೆಯಲ್ಲಿ ಬರುವ ಅದೇ ಸಿಲಾರ್ಡ್. ಮುಂಬೈ ಉಪನಗರದ ಪ್ರಯೋಗಾಲಯವೊಂದರಲ್ಲಿ ಥಲಸೇಮಿಯಾದ ಡಿಎನ್‌ಎ ಪರೀಕ್ಷೆ ಮಾಡುವ ನನಗೆ ಅವರು ಪರಿಚಯವಾದದ್ದು ಮಾತ್ರ ಬಾಂಬಿನಿಂದಲ್ಲ, ಜೀನ್‌ಗಳಿಂದ.

ಸಿಲಾರ್ಡ್ ಹುಟ್ಟಿದ್ದು 1898ರ ಫೆಬ್ರವರಿ 11ರಂದು, ಬುಡಾಪೆಸ್ಟ್‌ನ ಯಹೂದಿ ಕುಟುಂಬದಲ್ಲಿ. ಎಂಜಿನಿಯರಿಂಗ್ ಓದಲು ಬರ್ಲಿನ್‌ಗೆ ಹೋದವರು ಭೌತಶಾಸ್ತ್ರದತ್ತ ಹೊರಳಿ 1922ರಲ್ಲಿ ಡಾಕ್ಟರೇಟ್ ಪಡೆದರು. ಐನ್‌ಸ್ಟೈನ್ ಜೊತೆ ಸೇರಿ, ಚಲಿಸುವ ಭಾಗಗಳೇ ಇಲ್ಲದ ರೆಫ್ರಿಜರೇಟರ್‌ಗೆ ಪೇಟೆಂಟ್ ಪಡೆದರು. ಹಿಟ್ಲರ್ ಅಧಿಕಾರಕ್ಕೆ ಬಂದ ಮೇಲೆ ಅವರ ಎರಡು ಸೂಟ್‌ಕೇಸ್‌ಗಳು ಸದಾ ಸಿದ್ಧವಾಗಿರುತ್ತಿದ್ದವು. 1933ರ ಮಾರ್ಚ್ ಕೊನೆಯಲ್ಲಿ ಹೆಚ್ಚುಕಡಿಮೆ ಖಾಲಿಯಿದ್ದ ರೈಲು ಹತ್ತಿ ವಿಯೆನ್ನಾ ಸೇರಿದರು. ಮರುದಿನ ಅದೇ ರೈಲು ಕಿಕ್ಕಿರಿದಿತ್ತು; ಗಡಿಯಲ್ಲಿ ಪ್ರಯಾಣಿಕರನ್ನು ತಡೆದು ವಿಚಾರಿಸಲಾಯಿತು. ಒಂದೇ ದಿನದಲ್ಲಿ ಪಾರಾದ ಅವರು ಲಂಡನ್ ತಲುಪಿ, ತಮ್ಮ ಹಾಗೆಯೇ ನೆಲೆ ಕಳೆದುಕೊಂಡ ವಿದ್ವಾಂಸರಿಗೆ ಕೆಲಸ ಹುಡುಕಿಕೊಡಲು ಓಡಾಡಿದರು.

ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಲಂಡನ್‌ನ ರಸ್ತೆಯೊಂದನ್ನು ದಾಟುವಾಗ ಅವರಿಗೆ ಸರಪಳಿ ಕ್ರಿಯೆಯ ವಿಚಾರ ಹೊಳೆಯಿತು. ಒಂದು ನ್ಯೂಟ್ರಾನ್ ಹೊಕ್ಕ ಪರಮಾಣುವಿನಿಂದ ಎರಡು ನ್ಯೂಟ್ರಾನ್ ಹೊರಬಂದರೆ, ಎರಡು ನಾಲ್ಕಾಗಿ, ನಾಲ್ಕು ಎಂಟಾಗಿ ಅಪಾರ ಶಕ್ತಿ ಬಿಡುಗಡೆಯಾಗುತ್ತದೆ. ಅದರ ಅಪಾಯವೂ ಅವರಿಗೆ ಕಂಡಿತ್ತು. ಪೇಟೆಂಟ್ ಪಡೆದು, ಗುಟ್ಟಾಗಿ ಉಳಿಯಲೆಂದು ಅದನ್ನು ಬ್ರಿಟಿಷ್ ನೌಕಾಪಡೆಗೆ ಒಪ್ಪಿಸಿದರು. ಜರ್ಮನಿ ಮೊದಲು ಬಾಂಬ್ ಮಾಡೀತೆಂಬ ಭಯದಿಂದ, ರೂಸ್‌ವೆಲ್ಟ್‌ಗೆ 1939ರ ಆಗಸ್ಟ್‌ನಲ್ಲಿ ಐನ್‌ಸ್ಟೈನ್ ಸಹಿ ಮಾಡಿದ ಪತ್ರವನ್ನು ಸಿದ್ಧಪಡಿಸಿದವರಲ್ಲಿ ಅವರೇ ಮುಖ್ಯರು. 1942ರ ಡಿಸೆಂಬರ್ 2ರಂದು ಷಿಕಾಗೊದಲ್ಲಿ ಫರ್ಮಿ ನೇತೃತ್ವದಲ್ಲಿ ಮೊದಲ ರಿಯಾಕ್ಟರ್ ಚಾಲನೆಗೊಂಡಾಗ ಅಲ್ಲಿದ್ದರು. ಆ ರಿಯಾಕ್ಟರನ್ನು ಶುರು ಮಾಡಿದ ಬಗೆ ಗಮನಿಸಬೇಕು. ನ್ಯೂಟ್ರಾನ್‌ಗಳನ್ನು ನುಂಗುವ ಕ್ಯಾಡ್ಮಿಯಂ ಸರಳುಗಳು ಕ್ರಿಯೆಯನ್ನು ತಡೆದಿದ್ದವು. ಕೊನೆಯ ಸರಳನ್ನು ಸ್ವಲ್ಪ ಸ್ವಲ್ಪವೇ ಹೊರಗೆಳೆದಾಗ ಕ್ರಿಯೆ ತಾನಾಗಿ ಹೊತ್ತಿಕೊಂಡಿತು.

1945ರ ಜುಲೈಯಲ್ಲಿ, ಶರಣಾಗಲು ಅವಕಾಶ ಕೊಡದೆ ಜಪಾನಿನ ಮೇಲೆ ಬಾಂಬ್ ಹಾಕಬೇಡಿ ಎಂಬ ಮನವಿಗೆ ಸಿಲಾರ್ಡ್ ಸುಮಾರು 70 ವಿಜ್ಞಾನಿಗಳ ಸಹಿ ಹಾಕಿಸಿದರು. ಅದು ಅಧ್ಯಕ್ಷ ಟ್ರೂಮನ್ ಕೈ ಸೇರಲಿಲ್ಲ. ಹಿರೋಶಿಮಾದ ನಂತರ ಅವರು ಭೌತಶಾಸ್ತ್ರದಿಂದ ದೂರ ಸರಿದರು. 1947ರ ಬೇಸಿಗೆಯಲ್ಲಿ, 49ನೇ ವಯಸ್ಸಿನಲ್ಲಿ, ಕೋಲ್ಡ್ ಸ್ಪ್ರಿಂಗ್ ಹಾರ್ಬರ್‌ನಲ್ಲಿ ವಿದ್ಯಾರ್ಥಿಯಾಗಿ ಕುಳಿತು ಬ್ಯಾಕ್ಟೀರಿಯಾ ಮತ್ತು ಅವುಗಳ ವೈರಸ್‌ಗಳ ಪಾಠ ಕಲಿತರು.

ಷಿಕಾಗೊದಲ್ಲಿ ಏರನ್ ನೋವಿಕ್ ಜೊತೆ ಸೇರಿ ಕೀಮೋಸ್ಟಾಟ್ ಎಂಬ ಉಪಕರಣ ರೂಪಿಸಿದರು. ಒಂದು ಕಡೆಯಿಂದ ಆಹಾರದ ದ್ರವ ತೊಟ್ಟಿಕ್ಕುತ್ತದೆ, ಇನ್ನೊಂದು ಕಡೆಯಿಂದ ಅಷ್ಟೇ ಹೊರಹೋಗುತ್ತದೆ. ಒಳಗೆ ಬ್ಯಾಕ್ಟೀರಿಯಾ ಒಂದೇ ವೇಗದಲ್ಲಿ ಬೆಳೆಯುತ್ತಲೇ ಇರುತ್ತದೆ. ಅದರಲ್ಲಿ ಅವರಿಗೆ ಕಂಡದ್ದು ಇದು: ಟ್ರಿಪ್ಟೊಫ್ಯಾನ್ ಎಂಬ ಅಮೈನೊ ಆಮ್ಲವನ್ನು ಹೊರಗಿನಿಂದ ಕೊಟ್ಟರೆ ಬ್ಯಾಕ್ಟೀರಿಯಾ ತಾನು ಅದನ್ನು ತಯಾರಿಸುವ ಕೆಲಸ ನಿಲ್ಲಿಸುತ್ತದೆ. ಅಂದರೆ ಜೀವಕೋಶಕ್ಕೆ ತಡೆ ಇದೆ.

ಆಗ ಪ್ಯಾರಿಸ್‌ನ ಪಾಶ್ಚರ್ ಸಂಸ್ಥೆಯಲ್ಲಿ ಜಾಕ್ ಮೊನೊ ಮತ್ತು ಫ್ರಾನ್ಸ್ವಾ ಜಾಕೊಬ್ ಇನ್ನೊಂದು ಒಗಟಿನ ಬೆನ್ನು ಹತ್ತಿದ್ದರು. ಹಾಲಿನ ಸಕ್ಕರೆ ಲ್ಯಾಕ್ಟೋಸ್ ಸಿಕ್ಕಾಗ ಮಾತ್ರ ಬ್ಯಾಕ್ಟೀರಿಯಾ ಅದನ್ನು ಒಡೆಯುವ ಕಿಣ್ವ ತಯಾರಿಸುವುದು ಹೇಗೆ? ಸಕ್ಕರೆಯೇ ಜೀನನ್ನು ಎಬ್ಬಿಸುತ್ತದೆ ಎಂದು ಮೊನೊ ಭಾವಿಸಿದ್ದರು. ಪ್ಯಾರಿಸ್‌ಗೆ ಬಂದ ಸಿಲಾರ್ಡ್ ವಿಚಾರವನ್ನು ತಿರುಗಿಸಿ ನೋಡಿದರು. ಜೀನ್ ಮೊದಲಿನಿಂದಲೂ ಸಿದ್ಧವಾಗಿದ್ದು, ಯಾವುದೋ ಒಂದು ತಡೆ ಅದನ್ನು ಹಿಡಿದಿರಬಹುದು. ಸಕ್ಕರೆ ಆ ತಡೆಯನ್ನು ಸರಿಸುತ್ತಿರಬಹುದು. ಪಾರ್ಡಿ ಎಂಬ ಅಮೆರಿಕನ್ ಜೊತೆಗೂಡಿ ಪ್ಯಾರಿಸ್‌ನವರು ನಡೆಸಿದ ಪ್ರಯೋಗ ಅದನ್ನೇ ತೋರಿಸಿತು. ಜೀನಿನ ಪಕ್ಕದ ಡಿಎನ್‌ಎ ತುಂಡಿನ ಮೇಲೆ ರಿಪ್ರೆಸರ್ ಎಂಬ ಅಣು ಕುಳಿತು ಪ್ರತಿಲೇಖನವನ್ನು, ಅಂದರೆ ಜೀನಿನ ಬರಹ ಆರ್‌ಎನ್‌ಎ ಆಗಿ ನಕಲಾಗುವುದನ್ನು, ತಡೆಯುತ್ತದೆ. ಷಿಕಾಗೊದ ಸರಳುಗಳನ್ನು ಕಂಡವರಿಗೆ ಈ ಯೋಚನೆ ಬಂದದ್ದರಲ್ಲಿ ನನಗಂತೂ ಆಶ್ಚರ್ಯವಿಲ್ಲ. 1965ರಲ್ಲಿ ನೊಬೆಲ್ ಸ್ವೀಕರಿಸಿದಾಗ ಮೊನೊ ಸಿಲಾರ್ಡ್ ಅವರ ಋಣವನ್ನು ನೆನೆದರು.

ಅಷ್ಟರಲ್ಲಿ ಸಿಲಾರ್ಡ್ ಇರಲಿಲ್ಲ. 1960ರಲ್ಲಿ ಮೂತ್ರಕೋಶದ ಕ್ಯಾನ್ಸರ್ ಬಂದಾಗ ಶಸ್ತ್ರಚಿಕಿತ್ಸೆ ಒಲ್ಲೆನೆಂದು, ವೈದ್ಯೆಯಾಗಿದ್ದ ಪತ್ನಿ ಗರ್ಟ್ರೂಡ್ ಜೊತೆ ಕುಳಿತು ತಮ್ಮ ವಿಕಿರಣ ಚಿಕಿತ್ಸೆಯನ್ನು ತಾವೇ ಲೆಕ್ಕ ಹಾಕಿ ಗುಣಮುಖರಾಗಿದ್ದರು. ಅದೇ ವರ್ಷ ಕ್ರುಶ್ಚೇವ್ ಅವರನ್ನು ಕಂಡು ಅಣ್ವಸ್ತ್ರ ನಿಯಂತ್ರಣದ ಮಾತಾಡಿದರು. ಅಮೆರಿಕದಲ್ಲಿ ಸಂಶೋಧನೆಯಲ್ಲಿದ್ದ ಒಬೈದ್ ಸಿದ್ದಿಕಿ ಎಂಬ ಅಲಿಗಢದ ಯುವಕನ ಹೆಸರು ಅವರ ಮೂಲಕ ಭಾಭಾರ ಕಿವಿಗೆ ಬಿತ್ತು. 30ರ ಹರೆಯದ ಸಿದ್ದಿಕಿ ಮುಂಬೈಗೆ ಬಂದು ಅಣುಜೀವವಿಜ್ಞಾನ ಘಟಕ ಕಟ್ಟಿದರು. ಮೂರು ದಶಕಗಳ ನಂತರ ನಮ್ಮ ಬೆಂಗಳೂರಿನ ಎನ್‌ಸಿಬಿಎಸ್ ಅನ್ನೂ ಅವರೇ ಕಟ್ಟಿದರು. ಸಿಲಾರ್ಡ್ 1964ರ ಮೇ 30ರಂದು ಕ್ಯಾಲಿಫೋರ್ನಿಯಾದ ಲಾ ಹೋಯಾದಲ್ಲಿ ನಿದ್ದೆಯಲ್ಲೇ ಹೃದಯಾಘಾತದಿಂದ ತೀರಿಕೊಂಡರು.

ತಡೆ ಕೂರುವ ಜಾಗವನ್ನು ಪತ್ತೆಹಚ್ಚಿದ್ದು ಆಮೇಲೆ. 1966ರಲ್ಲಿ ಗಿಲ್ಬರ್ಟ್ ಮತ್ತು ಮುಲ್ಲರ್-ಹಿಲ್ ರಿಪ್ರೆಸರನ್ನು ಬೇರ್ಪಡಿಸಿದರು. ಅದು ಡಿಎನ್‌ಎ ಮೇಲೆ ಕುಳಿತಿರುವಾಗಲೇ ಸುತ್ತಲಿನ ಡಿಎನ್‌ಎಯನ್ನು ಕಿಣ್ವದಿಂದ ಕತ್ತರಿಸಿ ಹಾಕಿದರೆ, ಅದರ ಅಡಿಯ ತುಂಡು ಮಾತ್ರ ಉಳಿಯುತ್ತದೆ. ಮುಂಬೈ ಮಳೆಯಲ್ಲಿ ನಿಲ್ಲಿಸಿದ ಕಾರು ಹೊರಟ ಮೇಲೆ ಕಾಣುವ ಒಣ ನೆಲದ ಹಾಗೆ. 1973ರಲ್ಲಿ ಆ ತುಂಡಿನ 24 ಅಕ್ಷರಗಳನ್ನು ಓದಲಾಯಿತು. ಮನುಷ್ಯನ ಜೀವಕೋಶದಲ್ಲಿ ಇನ್ನೊಂದು ಉಪಾಯ ನಡೆಯುತ್ತದೆ. ಅಲ್ಲಿ ಡಿಎನ್‌ಎ ಪ್ರೋಟೀನ್‌ಗಳಿಗೆ ಬಿಗಿಯಾಗಿ ಸುತ್ತಿಕೊಂಡಿರುತ್ತದೆ. ಕೆಲಸದಲ್ಲಿರುವ ನಿಯಂತ್ರಕ ಜಾಗಗಳು ಮಾತ್ರ ಸಡಿಲ. ಕಿಣ್ವ ಸುಲಭವಾಗಿ ಕತ್ತರಿಸುವುದು ಅಲ್ಲೇ. ಕತ್ತರಿಬಿದ್ದ ಜಾಗಗಳನ್ನು ಓದುತ್ತ ಹೋದರೆ ಸ್ವಿಚ್ಚುಗಳ ನಕ್ಷೆ ಸಿಗುತ್ತದೆ.

ನನ್ನ ಕೆಲಸಕ್ಕೆ ಇದರ ನಂಟು ನೇರ. ಮುಂಬೈನ ಸಿಂಧಿ, ಲೋಹಾಣಾ, ಪಂಜಾಬಿ ಕುಟುಂಬಗಳಲ್ಲಿ ಬೀಟಾ ಥಲಸೇಮಿಯಾ ವಾಹಕರು ಹೆಚ್ಚು, ಕನ್ನಡಿಗರಲ್ಲೂ ಇಲ್ಲದಿಲ್ಲ. ಕೆಲವರ ಹಿಮೋಗ್ಲೋಬಿನ್ ಜೀನಿನ ಬರಹ ಪೂರ್ತಿ ಸರಿಯಿರುತ್ತದೆ. ಆದರೆ ಅದು ಶುರುವಾಗುವುದಕ್ಕೆ 28 ಅಥವಾ 88 ಅಕ್ಷರ ಹಿಂದೆ, ಚಾಲನೆ ಕೊಡುವ ಜಾಗದಲ್ಲಿ, ಒಂದೇ ಅಕ್ಷರ ಬದಲಾಗಿರುತ್ತದೆ. ಆಗ ಜೀನ್ ಕಡಿಮೆ ನಕಲಾಗುತ್ತದೆ, ಹಿಮೋಗ್ಲೋಬಿನ್ ಸಾಲುವುದಿಲ್ಲ. ಜೀನ್ ಚೆನ್ನಾಗಿದ್ದೂ ಮಗು ಯಾಕೆ ಬಿಳಿಚಿಕೊಂಡಿದೆ ಎಂಬುದಕ್ಕೆ ಉತ್ತರ ಅಷ್ಟೇ.

ಮದ್ದು ಕೂಡ ತಡೆಯನ್ನು ಸಡಿಲಿಸುವುದರಲ್ಲೇ ಸಿಕ್ಕಿದೆ. ಗರ್ಭದಲ್ಲಿದ್ದಾಗ ನಮ್ಮಲ್ಲಿ ಬೇರೊಂದು ಹಿಮೋಗ್ಲೋಬಿನ್ ಇರುತ್ತದೆ. ಹುಟ್ಟಿದ ಮೇಲೆ ಬಿಸಿಎಲ್‌11ಎ ಎಂಬ ಪ್ರೋಟೀನ್ ಅದನ್ನು ತಡೆಯುತ್ತದೆ. ರಕ್ತಕೋಶದಲ್ಲಿ ಆ ಪ್ರೋಟೀನಿನ ಉತ್ಪಾದನೆಗೆ ಇಂಬು ಕೊಡುವ ಡಿಎನ್‌ಎ ತುಣುಕು ಇಂಥ ನಕ್ಷೆಗಳಿಂದಲೇ ಪತ್ತೆಯಾಯಿತು. ಅದನ್ನು ಕತ್ತರಿಸಿದರೆ ಹಳೆಯ ಹಿಮೋಗ್ಲೋಬಿನ್ ಮರಳುತ್ತದೆ. ಕ್ಯಾಸ್ಗೆವಿ ಎಂಬ ಈ ಚಿಕಿತ್ಸೆಗೆ 2023ರ ನವೆಂಬರ್‌ನಲ್ಲಿ ಬ್ರಿಟನ್ ಒಪ್ಪಿಗೆ ಕೊಟ್ಟಿತು. ಅಮೆರಿಕದಲ್ಲಿ ಅದರ ಬೆಲೆ 22 ಲಕ್ಷ ಡಾಲರ್.

ವಿಜ್ಞಾನ ಯಾರ ಕೈಗೆ ಹೋಗುತ್ತದೆ ಎಂಬ ಚಿಂತೆ ಸಿಲಾರ್ಡ್ ಅವರನ್ನು ಕೊನೆತನಕ ಬಿಡಲಿಲ್ಲ. ಆ ಬೆಲೆ ಕೇಳಿದಾಗ ನನಗೂ ಅದೇ ಚಿಂತೆ. ಇಲ್ಲಿಯ ಮಕ್ಕಳು ಎರಡು ಮೂರು ವಾರಕ್ಕೊಮ್ಮೆ ರಕ್ತ ಹಾಕಿಸಿಕೊಂಡೇ ಬೆಳೆಯುತ್ತಿದ್ದಾರೆ. ಗಂಡ ಹೆಂಡತಿ ಇಬ್ಬರೂ ವಾಹಕರಾಗಿದ್ದರೆ ಪ್ರತಿ ಮಗುವಿಗೂ ರೋಗ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಎಚ್‌ಬಿಎ2 ಅಳೆಯುವ ಒಂದು ರಕ್ತಪರೀಕ್ಷೆ ಸಾಮಾನ್ಯವಾಗಿ ವಾಹಕರನ್ನು ತೋರಿಸಿಕೊಡುತ್ತದೆ. ಮದುವೆಗೆ ಮುಂಚೆ, ತಪ್ಪಿದರೆ ಬಸುರಿನ ಮೊದಲ ವಾರಗಳಲ್ಲಾದರೂ, ಅದನ್ನು ಮಾಡಿಸಿಕೊಳ್ಳಿ.