ಬಿದ್ದ ಸೇತುವೆಯನ್ನು ಸ್ವಂತ ದುಡ್ಡಲ್ಲಿ ಕಟ್ಟಿಕೊಟ್ಟ ಗುತ್ತಿಗೆದಾರ ಥಾಮಸ್ ಬ್ರಾಸಿ

ಮನೆ ಕಟ್ಟಿಸುವವರಿಗೆ, ಮಳಿಗೆ ಎಬ್ಬಿಸುವವರಿಗೆ ಮೊದಲು ಎದುರಾಗೋ ಪ್ರಶ್ನೆ ಒಂದೇ: ಕೆಲಸ ಯಾರಿಗೆ ಕೊಡೋದು? ಚದರಕ್ಕೆ ಕಡಿಮೆ ರೇಟು ಹೇಳಿದವನಿಗಾ, ಅಥವಾ ಹಿಂದೆ ಕಟ್ಟಿದ್ದು ಗಟ್ಟಿಯಾಗಿ ನಿಂತಿದೆ ಅಂತ ಹೆಸರು ಪಡೆದವನಿಗಾ? ಈ ತಲೆನೋವು ಇವತ್ತಿನದಲ್ಲ. ಸುಮಾರು 190 ವರ್ಷದ ಹಿಂದೆ ಇಂಗ್ಲೆಂಡಿನಲ್ಲಿ ರೈಲು ದಾರಿ ಮಾಡಿಸಲು ಹೊರಟ ಕಂಪನಿಗಳಿಗೂ ಇದೇ ಚಿಂತೆ ಇತ್ತು. ಅವುಗಳಲ್ಲಿ ಎಷ್ಟೋ ಕಂಪನಿಗಳು ಕೊನೆಗೆ ನಂಬಿದ್ದು ಥಾಮಸ್ ಬ್ರಾಸಿ ಎಂಬ ಗುತ್ತಿಗೆದಾರನನ್ನು.

ಬ್ರಾಸಿ ಹುಟ್ಟಿದ್ದು 1805ರ ನವೆಂಬರ್ 7ರಂದು, ಚೆಷೈರ್ ಸೀಮೆಯ ಒಂದು ಹಳ್ಳಿಯ ಜಮೀನುದಾರರ ಮನೆಯಲ್ಲಿ. 16ನೇ ವಯಸ್ಸಿಗೆ ಶಾಲೆ ಬಿಟ್ಟು ಜಮೀನು ಅಳೆಯುವ ಸರ್ವೇಯರ್ ಒಬ್ಬರ ಬಳಿ ಕೆಲಸ ಕಲಿಯಲು ಸೇರಿದ. ಆಮೇಲೆ ಅವರ ಜೊತೆಯೇ ಪಾಲುದಾರನಾದ. ಇಟ್ಟಿಗೆ ಸುಡಿಸಿದ, ಕಲ್ಲು ಕ್ವಾರಿ ನಡೆಸಿದ. ಹೀಗಾಗಿ ಮಣ್ಣು, ಕಲ್ಲು, ಸುಣ್ಣ, ಕೂಲಿ, ಇವುಗಳ ಲೆಕ್ಕ ಆತನಿಗೆ ಪುಸ್ತಕದಿಂದ ಬಂದದ್ದಲ್ಲ, ಕೈಯಿಂದ ಬಂದದ್ದು.

ಲಿವರ್‌ಪೂಲ್-ಮ್ಯಾಂಚೆಸ್ಟರ್ ರೈಲು ದಾರಿಯ ಸೇತುವೆಗೆ ಕಲ್ಲು ಹುಡುಕಿಕೊಂಡು ಬಂದ ಪ್ರಸಿದ್ಧ ಎಂಜಿನಿಯರ್ ಜಾರ್ಜ್ ಸ್ಟೀಫನ್‌ಸನ್ ಕಣ್ಣಿಗೆ ಈ ಹುಡುಗ ಬಿದ್ದ. ರೈಲು ಕೆಲಸಕ್ಕೆ ಕೈ ಹಾಕುವಂತೆ ಅಲ್ಲಿಂದ ಉತ್ತೇಜನ ಸಿಕ್ಕಿತು. ಮನೆಯಲ್ಲಿ ಹೆಂಡತಿ ಮರಿಯಾ ಕೂಡ ಧೈರ್ಯ ತುಂಬಿದಳು. ಆದರೆ ಮೊದಲ ದೊಡ್ಡ ಟೆಂಡರ್ ಕೈತಪ್ಪಿತು. ಡಟನ್ ಎಂಬಲ್ಲಿನ ಸೇತುವೆಗೆ ಆತ ಬರೆದ ಮೊತ್ತ ಜಾಸ್ತಿ ಆಗಿಬಿಟ್ಟಿತ್ತು.

ಆತ ಎದೆಗುಂದಲಿಲ್ಲ. 1835ರಲ್ಲಿ ಅದೇ ಗ್ರ್ಯಾಂಡ್ ಜಂಕ್ಷನ್ ರೈಲು ದಾರಿಯ ಪೆಂಕ್ರಿಜ್ ಸೇತುವೆಗೆ, ಜೊತೆಗೆ 10 ಮೈಲಿ ದಾರಿಗೆ ಮತ್ತೆ ಟೆಂಡರ್ ಹಾಕಿದ. ಈ ಸಲ ಕೆಲಸ ಸಿಕ್ಕಿತು. ಹೇಳಿದಂತೆ ಮುಗಿಸಿಯೂ ಕೊಟ್ಟ. 1837ರಲ್ಲಿ ತೆರೆದ ಆ ಸೇತುವೆ ಮೇಲೆ ಇವತ್ತಿಗೂ ರೈಲು ಓಡುತ್ತಿದೆ.

ಆ ಹೊತ್ತಿಗೆ ಆ ದಾರಿಯ ಎಂಜಿನಿಯರ್ ಜೋಸೆಫ್ ಲಾಕ್. ಅಂದಾಜುಪಟ್ಟಿ ಕರಾರುವಾಕ್ಕಾಗಿ ಇರಬೇಕು ಅನ್ನುವ ಮನುಷ್ಯ. ಕಟ್ಟಿಸುವ ಕಂಪನಿಯ ಯಜಮಾನರಿಗೆ ಕಲ್ಲು-ಗಾರೆ ಗೊತ್ತಿರಲಿಲ್ಲ. ಅವರ ಪರವಾಗಿ ನೋಡುವ ಕಣ್ಣು ಎಂಜಿನಿಯರ್‌ದೇ. ಯಾರ ರೇಟು ನಿಜವಾದದ್ದು, ಯಾರದ್ದು ಕೆಲಸ ಹಿಡಿಯೋಕೆ ಮಾತ್ರ ಬರೆದದ್ದು ಅಂತ ಹೇಳಬೇಕಾದವರು ಅವರು. ಲಾಕ್‌ಗೆ ಬ್ರಾಸಿಯ ಲೆಕ್ಕ ಹಿಡಿಸಿತು. ಮುಂದೆ ಲಾಕ್ ಹೋದ ಕಡೆಯೆಲ್ಲ ಬ್ರಾಸಿಗೂ ಕೆಲಸ ಬಂತು.

ಫ್ರಾನ್ಸಿನಲ್ಲಿ ಪ್ಯಾರಿಸ್‌ನಿಂದ ರುವಾನ್‌ಗೆ ದಾರಿ ಮಾಡುವಾಗ ಲಾಕ್‌ಗೆ ಅಲ್ಲಿನ ಗುತ್ತಿಗೆದಾರರ ರೇಟು ವಿಪರೀತ ಅನ್ನಿಸಿತು. ಇಂಗ್ಲೆಂಡಿನವರನ್ನು ಕರೆದ. ಗಂಭೀರವಾಗಿ ಮುಂದೆ ಬಂದವರು ಇಬ್ಬರೇ, ಬ್ರಾಸಿ ಮತ್ತು ವಿಲಿಯಂ ಮೆಕೆಂಜಿ. ಒಬ್ಬರ ಮೇಲೊಬ್ಬರು ರೇಟು ಇಳಿಸಿ ಹಾಳಾಗುವ ಬದಲು ಇಬ್ಬರೂ ಸೇರಿ ಒಂದೇ ಟೆಂಡರ್ ಕೊಟ್ಟರು. 1841ರಲ್ಲಿ ಅದು ಒಪ್ಪಿಗೆಯಾಯಿತು, 1843ರಲ್ಲಿ ರೈಲು ಓಡಿತು.

ನಿಜವಾದ ಪರೀಕ್ಷೆ ಬಂದದ್ದು ಅದರ ಮುಂದಿನ ದಾರಿಯಲ್ಲಿ. ರುವಾನ್‌ನಿಂದ ಲ ಹಾವ್ರ್‌ಗೆ ಹೋಗುವ ದಾರಿಯ ಬಾರೆಂಟಿನ್ ಕಣಿವೆಗೆ 27 ಕಮಾನುಗಳ, ಸುಮಾರು 100 ಅಡಿ ಎತ್ತರದ ಇಟ್ಟಿಗೆ ಸೇತುವೆ ಎದ್ದಿತ್ತು. ಖರ್ಚು ಸುಮಾರು 50,000 ಪೌಂಡ್. ಕೆಲವು ದಿನ ಜೋರು ಮಳೆ ಸುರಿಯಿತು. 1846ರ ಜನವರಿ 10ರಂದು ಸೇತುವೆ ಕುಸಿದು ಬಿದ್ದೇ ಹೋಯಿತು.

ಸುಣ್ಣದ ಗಾರೆ ಸರಿಯಿರಲಿಲ್ಲ ಅನ್ನೋ ಅನುಮಾನ ಬಂತು. ಆ ಸುಣ್ಣವನ್ನು ಅಲ್ಲೇ ಸುತ್ತಮುತ್ತಲಿಂದ ತರಬೇಕು ಅಂತ ಕರಾರಿನಲ್ಲೇ ಬರೆದಿತ್ತು. ಅಂದರೆ ಕರಾರು ತೋರಿಸಿ ಕೋರ್ಟಿಗೆ ಹೋಗಲು, ವರ್ಷಗಟ್ಟಲೆ ಎಳೆದಾಡಲು ಬ್ರಾಸಿಗೆ ದಾರಿ ಇತ್ತು. ಆತ ಹೋಗಲಿಲ್ಲ. ಕಟ್ಟಿಕೊಡ್ತೀನಿ ಅಂತ ಒಪ್ಪಿಕೊಂಡ ಮೇಲೆ ನಿಲ್ಲೋದನ್ನ ಕಟ್ಟಿಕೊಡಬೇಕು, ಅಷ್ಟೇ ಆತನ ಲೆಕ್ಕ. ಬ್ರಾಸಿ, ಮೆಕೆಂಜಿ ಇಬ್ಬರೂ ತಮ್ಮದೇ ಖರ್ಚಿನಲ್ಲಿ ಇಡೀ ಸೇತುವೆಯನ್ನು ಮತ್ತೆ ಎಬ್ಬಿಸಿದರು. ಅದು ಈಗಲೂ ಬಳಕೆಯಲ್ಲಿದೆ.

ಆ ನಷ್ಟ ಹೆಸರಾಗಿ ವಾಪಸ್ ಬಂತು. 1847ರ ಹೊತ್ತಿಗೆ ಬ್ರಿಟನ್ನಿನ ರೈಲು ದಾರಿಯಲ್ಲಿ ಸುಮಾರು ಮೂರನೇ ಒಂದು ಭಾಗ ಬ್ರಾಸಿ ಕೈಯಿಂದ ಆದದ್ದು. ಕೆಲಸ ತುಂಬಿದ್ದ ಕಾಲದಲ್ಲಿ ಆತನ ಕೈಕೆಳಗೆ ಸುಮಾರು 80,000 ಜನ ದುಡಿಯುತ್ತಿದ್ದರು. ನಮ್ಮ ದೇಶದಲ್ಲೂ ಆತ ಪಾಲುದಾರರ ಜೊತೆ ಕೆಲಸ ಹಿಡಿದಿದ್ದ. ಕಲ್ಕತ್ತಾದಿಂದ ಕುಷ್ಟಿಯಾ ಕಡೆಗೆ ಹೋದ ಈಸ್ಟರ್ನ್ ಬೆಂಗಾಲ್ ರೈಲು ದಾರಿ ಅಂಥದ್ದು.

ಉಪಗುತ್ತಿಗೆದಾರರನ್ನು ಆರಿಸುವಾಗಲೂ ಬ್ರಾಸಿಯ ರೀತಿ ಬೇರೆ. ಅವರಲ್ಲಿ ಚೌಕಾಸಿ ಮಾಡಿಸಿ ರೇಟು ಇಳಿಸುತ್ತಿರಲಿಲ್ಲ. ನಂಬಿಕೆಯ ಮನುಷ್ಯನನ್ನು ನೋಡಿ, ತಾನೇ ಒಂದು ರೇಟು ಹೇಳುತ್ತಿದ್ದ. ಅಗೆಯುತ್ತಾ ಹೋದಾಗ ಮಣ್ಣಿನ ಬದಲು ಬಂಡೆ ಸಿಕ್ಕಿದರೆ, ಜಾಗಕ್ಕೆ ಬಂದು ಕಣ್ಣಾರೆ ನೋಡಿ ರೇಟು ಏರಿಸಿ ಹೋಗುತ್ತಿದ್ದ. ಕೆಳಗಿನವನು ಮುಳುಗಿದರೆ ಕೆಲಸವೂ ಮುಳುಗುತ್ತೆ ಅನ್ನೋದು ಆತನಿಗೆ ಗೊತ್ತಿತ್ತು.

ಎಲ್ಲ ಕೆಲಸವೂ ಲಾಭವೇ ಆಗಲಿಲ್ಲ. ಕೆನಡಾದ ಗ್ರ್ಯಾಂಡ್ ಟ್ರಂಕ್ ರೈಲು ದಾರಿಯಲ್ಲಿ ಆತ ಮತ್ತು ಪಾಲುದಾರರು ಭಾರೀ ದುಡ್ಡು ಕಳೆದುಕೊಂಡರು. 1855ರಲ್ಲಿ ಕ್ರಿಮಿಯಾ ಯುದ್ಧದಲ್ಲಿ ಸೈನಿಕರಿಗೆ ಸಾಮಾನು ಸಾಗಿಸಲು ರೈಲು ಬೇಕಾದಾಗ, ಆತ ಮತ್ತು ಪಾಲುದಾರರು ಲಾಭವಿಲ್ಲದೆ, ಅಸಲು ಖರ್ಚಿಗೇ ಕಟ್ಟಿಕೊಟ್ಟರು. 1866ರಲ್ಲಿ ಲಂಡನ್ನಿನ ದೊಡ್ಡ ಹಣಕಾಸು ಸಂಸ್ಥೆ ಓವರೆಂಡ್ ಗರ್ನಿ ಮುಳುಗಿದಾಗ ಆತನ ಪಾಲುದಾರ ಪೀಟೊ ದಿವಾಳಿಯಾದ. ಬ್ರಾಸಿಗೂ ಪೆಟ್ಟು ಬಿತ್ತು, ಆದರೆ ತಡೆದುಕೊಂಡು ನಿಂತ.

ಕೊನೆಗಾಲದಲ್ಲಿ ಕಾಯಿಲೆ ಹಿಡಿದರೂ ಕೆಲಸದ ಜಾಗಗಳಿಗೆ ಓಡಾಡೋದು ನಿಲ್ಲಿಸಲಿಲ್ಲ. 1870ರ ಡಿಸೆಂಬರ್ 8ರಂದು ತೀರಿಕೊಂಡ. ಆಗ ಪ್ರಪಂಚದ ರೈಲು ದಾರಿಯಲ್ಲಿ ಪ್ರತಿ 20 ಮೈಲಿಗೆ ಒಂದು ಮೈಲಿ ಆತ ಕಟ್ಟಿಸಿದ್ದು ಅನ್ನೋ ಲೆಕ್ಕವಿದೆ.

ಟೆಂಡರ್ ಕಾಗದದಲ್ಲಿ ರೇಟು ಕಾಣುತ್ತೆ. ಕಟ್ಟಿದ್ದು ಬಿದ್ದ ದಿನ ಗುತ್ತಿಗೆದಾರ ಎಲ್ಲಿರ್ತಾನೆ ಅನ್ನೋದು ಅದರಲ್ಲಿ ಕಾಣೋದಿಲ್ಲ. ಅದನ್ನು ಆತನ ಹಿಂದಿನ ಕೆಲಸಗಳ ಹತ್ತಿರ ಹೋಗಿ, ಅಲ್ಲಿನವರನ್ನೇ ಕೇಳಬೇಕು.