ಗಂಗಾಮೂಲದಿಂದ ಮುಕ್ತಿ ಸದನಕ್ಕೆ: ಪಂಡಿತಾ ರಮಾಬಾಯಿ

ತುಂಗಾ, ಭದ್ರಾ, ನೇತ್ರಾವತಿ ನದಿಗಳಿಗೆ ಜನ್ಮವಿತ್ತ ಗಂಗಾಮೂಲದ ಕಾಡಿನಲ್ಲಿ 1858ರ ಏಪ್ರಿಲ್ 23ರಂದು ರಮಾಬಾಯಿ ಜನಿಸಿದರು. ಅವರ ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ಕಾರ್ಕಳದ ಸಮೀಪದ ಮಾಳದ ಕಡೆಯವರು, ಸಂಸ್ಕೃತದಲ್ಲಿ ಘನವಿದ್ವಾಂಸರು. ಪತ್ನಿ ಲಕ್ಷ್ಮೀಬಾಯಿಗೆ ಸಂಸ್ಕೃತ ಕಲಿಸಿದರೆಂಬ ಕಾರಣಕ್ಕೆ ಅವರು ಸಮಾಜದ ಅಸಮಾಧಾನಕ್ಕೆ ಗುರಿಯಾಗಿ, ಉಡುಪಿಯ ಪಂಡಿತಸಭೆಯ ಮುಂದೆ ನಿಂತು ಶಾಸ್ತ್ರಾಧಾರದಿಂದಲೇ ತಮ್ಮ ನಡೆಯನ್ನು ಸಮರ್ಥಿಸಿಕೊಳ್ಳಬೇಕಾಯಿತು. ಆ ತಾಯಿಯೇ ಮಗಳಿಗೆ ಮೊದಲ ಗುರುವಾದರು.

ರಮಾಬಾಯಿ ಆರು ತಿಂಗಳ ಕೂಸಾಗಿದ್ದಾಗಲೇ ಕುಟುಂಬವು ತೀರ್ಥಯಾತ್ರೆಗೆ ಹೊರಟಿತು. ಕೂಸು ಬೆತ್ತದ ಬುಟ್ಟಿಯಲ್ಲಿ ಘಟ್ಟ ಇಳಿಯಿತು. ಕ್ಷೇತ್ರದಿಂದ ಕ್ಷೇತ್ರಕ್ಕೆ ನಡೆಯುತ್ತ, ದೇವಾಲಯಗಳಲ್ಲಿ ಪುರಾಣ ಓದಿ ಬಂದುದರಲ್ಲಿ ಅವರು ಜೀವಿಸಿದರು. 1870ರ ದಶಕದಲ್ಲಿ ಮದರಾಸು ಪ್ರಾಂತ್ಯಕ್ಕೆ ಬರ ಬಂದಾಗ ಕೈಯಲ್ಲಿದ್ದುದೆಲ್ಲ ವ್ರತ, ದಾನಗಳಲ್ಲಿ ಕರಗಿತ್ತು. ಕೂಲಿಮಾಡಿ ಅರಿಯದ, ಬೇಡಲು ನಾಚುವ ಆ ಕುಟುಂಬ ಕಾಡಿನ ಎಲೆಗಳನ್ನು ತಿಂದು ದಿನ ಕಳೆಯಿತು. ಮೊದಲು ತಂದೆ, ಅನಂತರ ತಾಯಿ, ಬಳಿಕ ಅಕ್ಕ ತೀರಿಕೊಂಡರು. ತಾಯಿಯ ಚಟ್ಟ ಹೊರಲು ಸಾಕಷ್ಟು ಜನ ದೊರೆಯದೆ, ಗಿಡ್ಡಗಿದ್ದ ರಮಾಬಾಯಿ ತಮ್ಮ ಪಾಲಿನ ಭಾರವನ್ನು ತಲೆಯ ಮೇಲೆ ಹೊತ್ತು ಸ್ಮಶಾನಕ್ಕೆ ನಡೆದರು.

ಅಣ್ಣ ಶ್ರೀನಿವಾಸನೊಂದಿಗೆ ಅವರು ಸಾವಿರಾರು ಮೈಲಿ ಅಲೆದರು. ಝೇಲಂ ನದಿಯ ದಡದಲ್ಲಿ ಚಳಿ ತಡೆಯಲಾರದೆ ಮರಳಿನಲ್ಲಿ ಗುಂಡಿ ತೋಡಿ, ಕತ್ತಿನವರೆಗೆ ಹೂತುಕೊಂಡು ಇರುಳು ಕಳೆದದ್ದೂ ಉಂಟು. ಹೊಟ್ಟೆಯ ಹಸಿವಿಗಿಂತಲೂ ಆಳವಾದ ಕತ್ತಲೊಂದು ಆಗ ಮನಸ್ಸನ್ನು ಕವಿಯಿತು. ಹೇಳಿದ ವ್ರತಗಳನ್ನೆಲ್ಲ ನಿಷ್ಠೆಯಿಂದ ಆಚರಿಸಿದ ತಂದೆತಾಯಿಗಳ ಅಂತ್ಯವನ್ನು ಕಂಡ ಮಗಳಿಗೆ ಆಚರಣೆಗಳಲ್ಲಿದ್ದ ನಂಬಿಕೆ ಕಳಚಿತು. ಅದರ ಜಾಗದಲ್ಲಿ ಬೇರೇನೂ ಇರಲಿಲ್ಲ.

1878ರಲ್ಲಿ ಕಲ್ಕತ್ತೆಯನ್ನು ಸೇರಿದಾಗ ಅವರ ವಿದ್ವತ್ತಿಗೆ ಬೆರಗಾದ ಪಂಡಿತರು ‘ಪಂಡಿತಾ’, ‘ಸರಸ್ವತಿ’ ಎಂಬ ಬಿರುದುಗಳನ್ನಿತ್ತು ಗೌರವಿಸಿದರು. ಆದರೆ ಶಾಸ್ತ್ರಗ್ರಂಥಗಳನ್ನು ಆಳವಾಗಿ ಓದಿದಷ್ಟೂ, ಹೆಣ್ಣಿಗೂ ಶೂದ್ರರಿಗೂ ಮೋಕ್ಷದ ದಾರಿ ಎಲ್ಲಿದೆಯೆಂಬ ಪ್ರಶ್ನೆ ಅವರನ್ನು ಕಾಡಿತು. 1880ರಲ್ಲಿ ಅಣ್ಣ ತೀರಿಕೊಂಡ. ಅದೇ ವರ್ಷ ಜಾತಿಯ ಎಲ್ಲೆಯನ್ನು ದಾಟಿ ಬಂಗಾಳದ ವಕೀಲ ಬಿಪಿನ್ ಬಿಹಾರಿ ಮೇಧಾವಿಯವರನ್ನು ವಿವಾಹವಾದರು. ಸಿಲ್ಚಾರಿನ ಮನೆಯಲ್ಲಿ ಪತಿಯ ಪುಸ್ತಕಗಳ ನಡುವೆ ಬಂಗಾಳಿಯ ಲೂಕನ ಸುವಾರ್ತೆ ಅವರ ಕೈಗೆ ಬಂತು. 1882ರಲ್ಲಿ ಪತಿ ಕಾಲರಾಕ್ಕೆ ತುತ್ತಾದಾಗ ಮಗಳು ಮನೋರಮಾ ಇನ್ನೂ ಎಳೆಯ ಕೂಸು.

ಪುಣೆಗೆ ಬಂದು ಆರ್ಯ ಮಹಿಳಾ ಸಮಾಜವನ್ನು ಸ್ಥಾಪಿಸಿದ ರಮಾಬಾಯಿ, ಹಂಟರ್ ಶಿಕ್ಷಣ ಆಯೋಗದ ಮುಂದೆ ಮಹಿಳಾ ಶಿಕ್ಷಕಿಯರ ಮತ್ತು ವೈದ್ಯೆಯರ ಅಗತ್ಯವನ್ನು ಪ್ರತಿಪಾದಿಸಿದರು. 1883ರಲ್ಲಿ ಇಂಗ್ಲೆಂಡಿಗೆ ತೆರಳಿದರು. ಅಲ್ಲಿನ ಕ್ರೈಸ್ತ ಸಂನ್ಯಾಸಿನಿಯರು, ಸಮಾಜ ತಳ್ಳಿಹಾಕಿದ ಹೆಂಗಸರನ್ನು ಹತ್ತಿರ ಕರೆದು ಉಪಚರಿಸುವುದನ್ನು ಕಂಡು ಅಚ್ಚರಿಗೊಂಡರು. ಕ್ರಿಸ್ತನು ಸಮಾರ್ಯದ ಸ್ತ್ರೀಯೊಡನೆ ಮಾತನಾಡಿದ ಕಥೆಯಲ್ಲಿ ತಮ್ಮ ಹಳೆಯ ಪ್ರಶ್ನೆಗೆ ಉತ್ತರವನ್ನು ಕಂಡರು. ಅದೇ ಸೆಪ್ಟೆಂಬರ್ 29ರಂದು ದೀಕ್ಷಾಸ್ನಾನ ಪಡೆದರು. ಹಾಗೆಂದು ತಮ್ಮ ಅಂತಃಸಾಕ್ಷಿಯನ್ನು ಧರ್ಮಾಧಿಕಾರಿಗಳಿಗೆ ಒಪ್ಪಿಸಲಿಲ್ಲ. ತಿಳಿಯದುದನ್ನು ತಿಳಿಯಿತೆನ್ನಲು ನಿರಾಕರಿಸಿ ಗುರುಗಳೊಡನೆ ದೀರ್ಘವಾಗಿ ವಾದಿಸಿದರು.

ಅಮೆರಿಕೆಯ ಸ್ನೇಹಿತರ ನೆರವಿನಿಂದ 1889ರ ಮಾರ್ಚ್ 11ರಂದು ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನ ಆರಂಭವಾಗಿ, ಮರುವರ್ಷ ಪುಣೆಗೆ ಸ್ಥಳಾಂತರಗೊಂಡಿತು. ಕೆಲವು ವಿದ್ಯಾರ್ಥಿನಿಯರು ಕ್ರೈಸ್ತಧರ್ಮದತ್ತ ಒಲಿದಾಗ 1893ರಲ್ಲಿ ದೊಡ್ಡ ವಿವಾದವೆದ್ದಿತು. ರಾನಡೆ, ಭಂಡಾರಕರ್ ಅವರಂತಹ ಹಿತೈಷಿಗಳು ದೂರ ಸರಿದರು, ಹಲವು ಮಕ್ಕಳನ್ನು ಮನೆಯವರು ಕರೆದೊಯ್ದರು. ಪೋಷಕರ ಆತಂಕಕ್ಕೂ ಕಾರಣವಿತ್ತು, ರಮಾಬಾಯಿಯವರ ನಿಲುವಿಗೂ ಆಧಾರವಿತ್ತು. ತಮ್ಮ ಪ್ರಾರ್ಥನೆಯ ಕೋಣೆಯ ಬಾಗಿಲನ್ನು ಮುಚ್ಚಲು ಅವರು ಒಪ್ಪಲಿಲ್ಲ.

ಈ ಗದ್ದಲಕ್ಕೆ ಮೊದಲೇ, ದೀಕ್ಷೆಯಾಗಿ ಸುಮಾರು ಎಂಟು ವರ್ಷಗಳ ಬಳಿಕ, ಅವರು ತಮ್ಮೊಳಗೆ ಒಂದು ಕಟುಸತ್ಯವನ್ನು ಒಪ್ಪಿಕೊಂಡಿದ್ದರು: ತಮಗೆ ಕ್ರೈಸ್ತಧರ್ಮ ದೊರೆತಿತ್ತು, ಕ್ರಿಸ್ತನು ಇನ್ನೂ ದೊರೆತಿರಲಿಲ್ಲ. ಲೋಕವೆಲ್ಲ ಮತಾಂತರಿಯೆಂದು ಹೊಗಳುತ್ತಲೋ ಹಳಿಯುತ್ತಲೋ ಇದ್ದಾಗ, ತಮ್ಮ ಕತ್ತಲೆ ಇನ್ನೂ ಹರಿದಿಲ್ಲವೆಂದು ತಮಗೆ ತಾವೇ ಹೇಳಿಕೊಳ್ಳಲು ಎದೆಗಾರಿಕೆ ಬೇಕಿತ್ತು. ತಮ್ಮ ಅರ್ಹತೆಯಿಂದ ಗಳಿಸಲಾಗದುದನ್ನು ದೇವರ ಕೃಪೆಯಾಗಿ ಸ್ವೀಕರಿಸಿದಾಗ ಅವರಿಗೆ ಶಾಂತಿ ಲಭಿಸಿತು. ವ್ರತಗಳಿಂದಲೇ ಪುಣ್ಯ ಕೂಡಿಡಬೇಕೆಂದು ಬಾಲ್ಯದಲ್ಲಿ ಕಲಿತವರಿಗೆ ಇದು ನಿಜವಾದ ಬಿಡುಗಡೆಯಾಯಿತು.

ಆ ಬಿಡುಗಡೆ ಅವರನ್ನು ಸುಮ್ಮನೆ ಕೂರಿಸಲಿಲ್ಲ. 1896–97ರ ಬರದಲ್ಲಿ ಮಧ್ಯಪ್ರಾಂತಗಳಿಗೆ ಹೋಗಿ, ತಾವೊಮ್ಮೆ ಅನುಭವಿಸಿದ ಹಸಿವಿನಲ್ಲಿದ್ದ ನೂರಾರು ಹುಡುಗಿಯರನ್ನು ಕರೆತಂದರು. ಪುಣೆಯ ಸಮೀಪದ ಕೇಡಗಾಂವದಲ್ಲಿ ನೆಲೆಗೊಂಡ ಆಶ್ರಯಕ್ಕೆ ‘ಮುಕ್ತಿ’ ಎಂದೇ ಹೆಸರಿಟ್ಟರು. 1900ರ ಬರದ ವೇಳೆಗೆ ಅಲ್ಲಿ ಸಾವಿರಕ್ಕೂ ಹೆಚ್ಚು ಮಂದಿಯಿದ್ದರು. ಓದು ಬರಹದೊಂದಿಗೆ ನೇಯ್ಗೆ, ಬೇಸಾಯ, ಮುದ್ರಣಗಳನ್ನು ಕಲಿತರು. ಅಂಧರಿಗೆ ಬ್ರೈಲ್ ಪಾಠ ನಡೆಯಿತು. ತಾಯಿಯ ಬಲಗೈಯಾಗಿದ್ದ ಮನೋರಮಾ ಗುಲಬರ್ಗಾದಲ್ಲಿಯೂ ಹೆಣ್ಣುಮಕ್ಕಳ ಶಾಲೆ ತೆರೆಯಲು ಶ್ರಮಿಸಿದರು. ಹೀಗೆ ಕನ್ನಡ ನೆಲದ ಋಣ ಒಂದಿಷ್ಟು ಸಂದಿತು.

ಕೊನೆಯ ವರ್ಷಗಳಲ್ಲಿ ರಮಾಬಾಯಿ ಹೀಬ್ರೂ ಮತ್ತು ಗ್ರೀಕ್ ಕಲಿತು, ಹಳ್ಳಿಯ ಹೆಂಗಸರಿಗೂ ತಿಳಿಯುವ ಮರಾಠಿಗೆ ಬೈಬಲನ್ನು ತಂದರು. 1921ರಲ್ಲಿ ಮಗಳನ್ನು ಕಳೆದುಕೊಂಡ ದುಃಖದಲ್ಲೂ ಆ ಕೆಲಸವನ್ನು ಬಿಡಲಿಲ್ಲ. 1922ರ ಏಪ್ರಿಲ್ 5ರಂದು ಅವರು ನಿಧನರಾದರು.

ನಮ್ಮ ಶಾಲೆಯ ಶತಮಾನೋತ್ಸವದ ಈ ಹೊತ್ತಿನಲ್ಲಿ ಅವರನ್ನು ನೆನೆಯಲು ಕಾರಣವಿದೆ. ತೀರ್ಥಯಾತ್ರೆಯ ಹಾದಿಯಲ್ಲಿ ತಾಯಿಯೊಬ್ಬಳು ಮಗಳಿಗೆ ಕಲಿಸಿದ ಅಕ್ಷರವು ಸಾವಿರಾರು ಅನಾಥೆಯರ ಬಾಳಿಗೆ ಬೆಳಕಾಯಿತು. ಇಂದು ನಮ್ಮ ತರಗತಿಗಳಲ್ಲಿ ಕುಳಿತಿರುವ ಹೆಣ್ಣುಮಕ್ಕಳೆಲ್ಲರೂ ಆ ಬೆಳಕಿಗೆ ಬಾಧ್ಯಸ್ಥರು.