ಉಕ್ಕನ್ನು ಒರೆಗೆ ಹಚ್ಚಿದ ಈಡ್ಸ್

ಪುಟ್ಟ ಉಕ್ಕಿನ ಸೇತುವೆಯನ್ನು ಗಡಿಯಾರ ನೋಡಿಕೊಂಡು ಜೋಡಿಸುವುದು, ಅದರ ಮೇಲೆ 2,500 ಪೌಂಡ್ ಭಾರ ಹೇರಿ ಎಷ್ಟು ಬಾಗಿತೆಂದು ಅಳೆಯುವುದು: ಅಮೆರಿಕದ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗಾಗಿ 1992ರಲ್ಲಿ ಆರಂಭವಾದ ರಾಷ್ಟ್ರೀಯ ಸ್ಪರ್ಧೆಯ ಕ್ರಮವಿದು. ಉಕ್ಕನ್ನು ಪರೀಕ್ಷಿಸದೆ ನಂಬಲಾಗದೆಂಬ ಹಠವನ್ನು ಆ ದೇಶದ ಸೇತುವೆ ನಿರ್ಮಾಣಕ್ಕೆ ತಂದವರಲ್ಲಿ ಜೇಮ್ಸ್ ಬುಕ್ಯಾನನ್ ಈಡ್ಸ್ ಪ್ರಮುಖರು. ಅವರು ಮಾತ್ರ ಯಾವ ಎಂಜಿನಿಯರಿಂಗ್ ಕಾಲೇಜಿನ ಮೆಟ್ಟಿಲನ್ನೂ ಹತ್ತಿದವರಲ್ಲ.

1820ರಲ್ಲಿ ಇಂಡಿಯಾನಾದಲ್ಲಿ ಜನಿಸಿದ ಈಡ್ಸ್, 13ನೇ ವಯಸ್ಸಿನಲ್ಲಿ ಸೇಂಟ್ ಲೂಯಿಸ್ ತಲುಪಿದಾಗ ಕುಟುಂಬ ಬಂದ ಹಡಗೇ ಬೆಂಕಿಗೆ ಆಹುತಿಯಾಯಿತು. ಬೀದಿಯಲ್ಲಿ ಸೇಬು ಮಾರಿದ ಬಾಲಕ, ಮುಂದೆ ಕೆಲಸಕ್ಕೆ ಸೇರಿದ ಅಂಗಡಿಯ ಯಜಮಾನರ ಪುಸ್ತಕ ಭಂಡಾರದಲ್ಲೇ ವಿದ್ಯೆ ಕಲಿತ. 1842ರಿಂದ ಮುಳುಗಿದ ಹಡಗುಗಳ ಸರಕು ಮೇಲೆತ್ತುವ ವೃತ್ತಿ. ಗಾಳಿ ತುಂಬಿದ ಗಂಟೆಯೊಳಗೆ ಕುಳಿತು ಮಿಸಿಸಿಪ್ಪಿಯ ತಳಕ್ಕಿಳಿದ ಅವರು, ಅಲ್ಲಿನ ಮರಳೂ ಹರಿಯುತ್ತದೆಂಬುದನ್ನು ಕಣ್ಣಾರೆ ಕಂಡರು.

ಆದ್ದರಿಂದಲೇ 1867ರಲ್ಲಿ ಸೇತುವೆಯ ಕಾರ್ಯ ಕೈಗೆತ್ತಿಕೊಂಡಾಗ, ಕಂಬಗಳು ಬಂಡೆಯ ಮೇಲೆಯೇ ನಿಲ್ಲಬೇಕೆಂದು ಪಟ್ಟು ಹಿಡಿದರು. ಅದಕ್ಕೆ ತೆತ್ತ ಬೆಲೆ ಘೋರವಾದುದು. ಸಂಪೀಡಿತ ಗಾಳಿಯ ಕೋಣೆಗಳಲ್ಲಿ ದುಡಿದು ಮೇಲೆ ಬಂದ ಕಾರ್ಮಿಕರು ಕೀಲುನೋವು, ಪಾರ್ಶ್ವವಾಯುಗಳಿಗೆ ತುತ್ತಾದರು. ಹತ್ತಕ್ಕೂ ಹೆಚ್ಚು ಮಂದಿ ಅಸುನೀಗಿದರು. ಒತ್ತಡ ಥಟ್ಟನೆ ಇಳಿದಾಗ ರಕ್ತದಲ್ಲಿ ಸಾರಜನಕದ ಗುಳ್ಳೆಗಳೇಳುವುದೇ ಕಾರಣವೆಂದು ಅಂದು ಅವರಿಗೆ ತಿಳಿದಿರಲಿಲ್ಲ. ಸ್ವತಃ ಅಸ್ವಸ್ಥರಾದ ವೈದ್ಯ ಜಾಮಿನೆ ಅವರ ಸಲಹೆಯಂತೆ ಕೆಲಸದ ಅವಧಿ ಕಡಿತಗೊಂಡಿತು. ಸೇತುವೆಯ ಗುಣಗಾನ ಮಾಡುವವರು ಈ ಕಾರ್ಮಿಕರನ್ನು ನೆನೆಯುವುದು ಅಪರೂಪ.

ಉಕ್ಕಿನ ವಿಷಯದಲ್ಲಿ ಈಡ್ಸ್ ನಿಷ್ಠುರರು. ಸರಬರಾಜಾದ ಭಾಗಗಳನ್ನು ಪರೀಕ್ಷಾ ಯಂತ್ರಕ್ಕೊಡ್ಡಿ, ಸೋತವನ್ನು ಮತ್ತೆ ಮತ್ತೆ ಹಿಂದಿರುಗಿಸಿದರು. ಗುತ್ತಿಗೆ ಹಿಡಿದಿದ್ದ ಆಂಡ್ರ್ಯೂ ಕಾರ್ನೆಗಿಯವರ ಕಂಪನಿ ಬೇಸತ್ತಿತು. 1873ರ ಸೆಪ್ಟೆಂಬರಿನ ಬಿಸಿಲಿಗೆ ಹಿಗ್ಗಿದ ಕಮಾನಿನ ತುದಿಗಳು ಕೂಡಲಿಲ್ಲ. ಮಂಜುಗಡ್ಡೆ ಸುತ್ತಿ ಕುಗ್ಗಿಸುವ ಪ್ರಯತ್ನವೂ ವಿಫಲವಾಗಿ, ಉದ್ದ ಹೊಂದಿಸಬಲ್ಲ ತಿರುಪಿನ ಕೊಂಡಿಗಳಿಂದ ಬೆಸುಗೆಯಿಲ್ಲದೆ ಜೋಡಣೆ ಮುಗಿಯಿತು. 502, 520, 502 ಅಡಿಗಳ ಮೂರು ಕಮಾನುಗಳು ಸಿದ್ಧವಾದವು.

ಆದರೂ ಜನರಿಗೆ ಅಳುಕು. 1874ರ ಜೂನ್ 14ರಂದು ಆನೆಯೊಂದನ್ನು ಸೇತುವೆಯ ಮೇಲೆ ನಡೆಸಲಾಯಿತು; ಭದ್ರವಲ್ಲದೆಡೆ ಆನೆ ಕಾಲಿಡದೆಂಬ ನಂಬಿಕೆ ನಮ್ಮ ಕಾಡಂಚಿನವರಿಗೂ ಹೊಸದಲ್ಲ. ಈಡ್ಸ್ ಆನೆಗೆ ತೃಪ್ತರಾಗದೆ, ಜುಲೈ 2ರಂದು 14 ರೈಲು ಎಂಜಿನ್‌ಗಳನ್ನು ಓಡಿಸಿ ತೋರಿದರು. ಜುಲೈ 4ರಂದು ಉದ್ಘಾಟನೆಯಾಯಿತು.

ಮರುವರ್ಷವೇ ಸೇತುವೆ ಕಂಪನಿ ದಿವಾಳಿಯಾಯಿತು. ಈಡ್ಸ್ ಎದೆಗುಂದದೆ ಮಿಸಿಸಿಪ್ಪಿಯ ಮುಖಜ ಭೂಮಿಯಲ್ಲಿ ಒಡ್ಡುಗಳನ್ನು ಕಟ್ಟಿಸಿ, ನದಿಯ ಸೆಳೆತದಿಂದಲೇ ಹೂಳು ತೆಗೆಸಿದರು. 1887ರ ಮಾರ್ಚ್‌ನಲ್ಲಿ ಬಹಾಮಾಸ್‌ನ ನಸ್ಸೌನಲ್ಲಿ ನಿಧನರಾದರು. 1993ರಿಂದ ಅವರ ಸೇತುವೆಯ ಮೇಲೆ ನಗರದ ಲಘು ರೈಲು ಸಂಚರಿಸುತ್ತಿದೆ.